ಬೇಕಿಲ್ಲದ ನೂರಾ ನಲವತ್ತೆರಡು

ಮಿಶ್ರಿಕೋಟಿಯ ಮಹಾದೇವಕ್ಕ ಟೀಚರಿಗೆ ಸಿಟ್ಟು ಜಾಸ್ತಿ ಎಂದು ಊರವರು ಹೇಳುತ್ತಾರೆ. ಊರವರು ಹೇಳುವುದು ಕಡಿಮೆಯೇ. ಬೆಳಿಗ್ಗೆ ಹಾಲು ತರುವವನು ಬಾಗಿಲು ಬಡಿಯುವ ರೀತಿಯಿಂದ ಹಿಡಿದು ಮೇಲಿನ ಕಚೇರಿಯ ಸುತ್ತೋಲೆಯ ಭಾಷೆಯವರೆಗೆ, ಆಕೆಗೆ ಸಿಟ್ಟು ತರಿಸದ ಸಂಗತಿ ದಿನಕ್ಕೆ ಒಂದೆರಡು ಸಿಕ್ಕರೆ ಹೆಚ್ಚು. ಆದರೆ ಆಕೆ ಕಾರಣವಿಲ್ಲದೆ ಸಿಡುಕುವ ಹೆಂಗಸಲ್ಲ. ಯಾಕೆ ಸಿಟ್ಟು ಎಂದು ಕೇಳಿದರೆ ಒಂದು, ಎರಡು, ಮೂರು ಎಂದು ಹೇಳಬಲ್ಲಳು. ಕೇಳಿದವನು ಮೂರು ಮುಗಿಯುವ ತನಕ ನಿಲ್ಲಬೇಕು.

ಏಳನೇ ವರ್ಷದಲ್ಲಿ ದಡಾರದ ಜ್ವರ ಬಂದು ಆಕೆಯ ಎರಡೂ ಕಣ್ಣು ಹೋದವು. ಅದರ ಬಗ್ಗೆ ಆಕೆ ಮಾತಾಡುವುದಿಲ್ಲ. ಯಾರಾದರೂ ಮರುಗುವ ದನಿಯಲ್ಲಿ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ. ಹುಬ್ಬಳ್ಳಿಯಲ್ಲಿ ಅಂಧರ ಶಾಲೆ, ಧಾರವಾಡದಲ್ಲಿ ಕನ್ನಡ ಎಂ.ಎ., ಆಮೇಲೆ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಕನ್ನಡ ಪಾಠ. ಮದುವೆಯಾಗಲಿಲ್ಲ. ತಮ್ಮ ಸಂಗನಬಸವ, ಅವನ ಹೆಂಡತಿ ನೀಲಕ್ಕ, ಇವರೊಂದಿಗೆ ತಂದೆಯ ಮನೆಯಲ್ಲೇ ಇದ್ದಾಳೆ. ಆ ಮನೆಯಲ್ಲಿ ಕೊನೆಯ ಮಾತು ಯಾರದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಹದಿನಾಲ್ಕು ವರ್ಷ ಆಕೆ ಕುಂದಗೋಳದ ಕಡೆಯ ಒಂದು ಶಾಲೆಯಲ್ಲಿದ್ದಳು. ಒಂದು ಜೂನ್ ತಿಂಗಳು ಶಾಲೆಗೆ ಹೋದರೆ ಆಕೆಯ ಹೆಸರು ಹೆಚ್ಚುವರಿ ಶಿಕ್ಷಕರ ಪಟ್ಟಿಯಲ್ಲಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಗುಮಾಸ್ತ ವಿವರಿಸಿದ: ಆಕೆಯ ಹುದ್ದೆ ಮಂಜೂರಾದದ್ದು ಎಂಟನೇ ತರಗತಿಯ 'ಸಿ' ವಿಭಾಗಕ್ಕೆ, ಮಕ್ಕಳು ಕಡಿಮೆಯಾಗಿ 'ಸಿ' ವಿಭಾಗ ಮುಚ್ಚಿತು, ಆದ್ದರಿಂದ ಹುದ್ದೆ ಇನ್ನು ಬೇಕಿಲ್ಲ. ಆಕೆ 'ಸಿ' ವಿಭಾಗಕ್ಕೆ ಪಾಠ ಹೇಳಿದ್ದು ಎರಡೇ ವರ್ಷ, ಉಳಿದ ಹನ್ನೆರಡೂ ವರ್ಷ ಹತ್ತನೇ ತರಗತಿಗೆ ಹೇಳಿದ್ದಳು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಹನ್ನೊಂದು ತಿಂಗಳು ಅರ್ಜಿ ಬರೆದು, ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ದುಮ್ಮವಾಡದ ಆಚೆಗಿನ ಈ ಹೈಸ್ಕೂಲಿಗೆ ಬಂದಳು. ಆ ಹನ್ನೊಂದು ತಿಂಗಳ ಸಿಟ್ಟು ಇನ್ನೂ ಇಳಿದಿಲ್ಲ.

ಈ ವರ್ಷ ಸೆಪ್ಟೆಂಬರಿನಲ್ಲಿ ತಾಲೂಕು ಮಟ್ಟದ ಒಂದು ಪರೀಕ್ಷೆಗೆ ಹತ್ತನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ಆಕೆಗೆ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ. ಆಕೆಗಿಂತ ಹತ್ತು ವರ್ಷ ಚಿಕ್ಕವರು ಮೂರು ಮೂರು ಸಲ ತೆಗೆದಿದ್ದರು. ಆಕೆಯನ್ನು ಬಿಡುತ್ತಿದ್ದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಪ್ರಶ್ನೆಪತ್ರಿಕೆ ಗುಟ್ಟಿನ ಕೆಲಸ. ಇನ್ನೊಬ್ಬರ ಕಣ್ಣಿಲ್ಲದೆ ಈಕೆ ಹೇಗೆ ಮಾಡಿಯಾಳು? ಈ ಸಲ ಶಿಕ್ಷಕರ ಸಭೆಯಲ್ಲಿ ಆಕೆ ಎದ್ದು ನಿಂತು ಅದನ್ನೇ ಕೇಳಿಬಿಟ್ಟಳು. ನನ್ನ ಮನೆಯ ಕಂಪ್ಯೂಟರ್ ಓದಿ ಹೇಳುತ್ತದೆ, ನಾನೇ ಟೈಪ್ ಮಾಡುತ್ತೇನೆ, ನಾನೇ ತಿದ್ದುತ್ತೇನೆ, ಬೇರೆ ಯಾರೂ ನೋಡಿಲ್ಲವೆಂದು ಸಹಿ ಹಾಕಿ ಕೊಡುತ್ತೇನೆ ಎಂದಳು. ಕೆಲಸ ಕೊಟ್ಟರು. ದಸರೆಯ ಮರುದಿನ ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಒಳಗೆ, ಪೆನ್‌ಡ್ರೈವ್ ಮೊಹರು ಮಾಡಿದ ಲಕೋಟೆಯಲ್ಲಿ ಕಲಘಟಗಿಯ ಕಚೇರಿಗೆ ಮುಟ್ಟಬೇಕು. ಮುಟ್ಟದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರು ಬೇರೆ ಶಾಲೆಯ ಹೇಮಂತ ಮಾಸ್ತರದು. ಅವರ ಬಳಿ ಹೋದ ವರ್ಷದ ಪತ್ರಿಕೆ ಸಿದ್ಧವಾಗಿಯೇ ಇರುತ್ತದೆ. ನಾಲ್ಕು ಪ್ರಶ್ನೆ ಹಿಂದುಮುಂದು ಮಾಡಿದರೆ ಮುಗಿಯಿತು.

ಮನೆಯ ಕಂಪ್ಯೂಟರಿಗೆ ದನಿ ಕೊಟ್ಟವನು ಕಲಘಟಗಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಯುನೂಸ್. ಎರಡು ವರ್ಷದ ಹಿಂದೆ ಬಂದು, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರ ಮೇಲೆ ಕನ್ನಡ ಓದುವ ದನಿ ಕೂಡಿಸಿ ಹೋಗಿದ್ದ. ಅದೇ ವಾರ ಶಾಲೆಗೂ ಬಂದು ಅಲ್ಲಿಯ ಒಂದು ಕಂಪ್ಯೂಟರಿಗೆ ಅದನ್ನೇ ಹಾಕಿದ್ದ. ಶಾಲೆಯಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ. ದನಿ ಚಂದವಿರಲಿಲ್ಲ. ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದಂತೆ ಇತ್ತು, ಒತ್ತಕ್ಷರಕ್ಕೆ ಎಡವುತ್ತಿತ್ತು. ಆದರೆ ಇದ್ದದ್ದನ್ನು ಇದ್ದಂತೆ ಓದುತ್ತಿತ್ತು. ಕಣ್ಣಿದ್ದವರು ಓದಿ ಹೇಳುವಾಗ ಬರೆದದ್ದು ತಪ್ಪಿದ್ದರೂ ತಮಗೆ ತಿಳಿಯದಂತೆಯೇ ಸರಿಮಾಡಿ ಓದುತ್ತಾರೆ. ಈ ದನಿ ಹಾಗೆ ಮಾಡುತ್ತಿರಲಿಲ್ಲ. ಮಹಾದೇವಕ್ಕ ಅದನ್ನು ನಂಬಿದ್ದಳು. ಆಕೆ ನಂಬಿದವರ ಪಟ್ಟಿ ಉದ್ದವಿಲ್ಲ.

ಪ್ರಶ್ನೆಗಳನ್ನು ಮೊದಲು ಬ್ರೈಲ್ ಹಾಳೆಯಲ್ಲಿ ಚುಚ್ಚಿ ಬರೆದಿಟ್ಟಿದ್ದಳು. ಆ ಮನೆಯಲ್ಲಿ ಅದನ್ನು ಓದಬಲ್ಲ ಇನ್ನೊಬ್ಬರಿಲ್ಲ, ಹಾಗಾಗಿ ಅದು ಬೀಗ ಹಾಕಿದಷ್ಟೇ ಭದ್ರ. ಅದನ್ನು ಬೆರಳಿನಿಂದ ಓದಿ ಟೈಪ್ ಮಾಡಿ, ಕೇಳಿ ತಿದ್ದುವುದಷ್ಟೇ ಬಾಕಿ. ಅರ್ಧ ಆಗಿತ್ತು. ಖಂಡೇಪೂಜೆಯ ದಿನ ಬುಧವಾರ ಉಳಿದದ್ದನ್ನು ಮುಗಿಸುವುದೆಂದು ಲೆಕ್ಕ ಹಾಕಿದ್ದಳು.

ಖಂಡೇಪೂಜೆಗೆ ಆ ಮನೆಯಲ್ಲಿ ತಂದೆಯ ಕಾಲದಿಂದ ಬಂದ ಒಂದು ಕಟ್ಟುನಿಟ್ಟಿದೆ. ಪೂಜೆಗೆ ಇಡುವ ಮೊದಲು ಪ್ರತಿ ಹತಾರವನ್ನೂ ಹೊರಗೆ ತಂದು ತಿಕ್ಕಿ ತೊಳೆದು ಎಣ್ಣೆ ಸವರಬೇಕು. ಮುರಿದದ್ದು, ಜಂಗು ತಿಂದದ್ದು, ಕೆಲಸಕ್ಕೆ ಬಾರದ್ದು ಪೂಜೆಯ ಸಾಲಿನಲ್ಲಿ ಕೂಡಬಾರದು. ಹುಡುಗಿಯಾಗಿದ್ದಾಗ ಆ ಆರಿಸುವ ಕೆಲಸ ಮಹಾದೇವಕ್ಕನದೇ. ಅಂಗಳದಲ್ಲಿ ಕೂತು ಕುಡಗೋಲು, ಕೊಡಲಿ, ಕುಂಟೆಯ ಕಬ್ಬಿಣ, ಒಂದೊಂದನ್ನೂ ಬೆರಳಿನಿಂದ ಸವರಿ, ಬೇಕಾದದ್ದನ್ನು ಎಡಕ್ಕೆ, ಬೇಡಾದದ್ದನ್ನು ಬಲಕ್ಕೆ ಇಡುತ್ತಿದ್ದಳು. ತಂದೆ ಎರಡನೇ ಸಲ ನೋಡುತ್ತಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ನೀಲಕ್ಕ ಅಂಗಳದಲ್ಲಿ ಕುಡಗೋಲು ತಿಕ್ಕುತ್ತಿದ್ದಾಗ ಮಹಾದೇವಕ್ಕ ತನ್ನ ಹತಾರವನ್ನು ತಿಕ್ಕಲು ಕುಳಿತಳು. ಹೊರಮೈ ಒರೆಸಿದಳು. ಒಳಗಿನದು ಉಳಿಯಿತು. ಮೂರು ದಿನದ ಹಿಂದೆ ದೊಡ್ಡದೊಂದು ಅಪ್‌ಡೇಟ್ ಆಗಿತ್ತು. ಅಂದಿನಿಂದ ಯಂತ್ರ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು: ನೂರಾ ನಲವತ್ತೆರಡು ಪ್ಯಾಕೇಜುಗಳು ಇನ್ನು ಬೇಕಿಲ್ಲ, ತೆಗೆದುಹಾಕಬಹುದು. ಇಂಥ ಸಿಸ್ಟಮ್‌ನಲ್ಲಿ ಪ್ರತಿ ಕೆಲಸವೂ ಒಂದೊಂದು ಕಟ್ಟಾಗಿ ಬರುತ್ತದೆ. ಅಕ್ಷರದ್ದು ಒಂದು ಕಟ್ಟು, ಪ್ರಿಂಟಿನದು ಒಂದು, ಸದ್ದಿನದು ಒಂದು. ಆ ಕಟ್ಟಿಗೇ ಪ್ಯಾಕೇಜು ಎನ್ನುತ್ತಾರೆ. ಪೂಜೆಯ ದಿನ ಬೇಕಿಲ್ಲದ ಕಟ್ಟುಗಳನ್ನು ಒಳಗೆ ಇಟ್ಟುಕೊಳ್ಳುವುದು ಆಕೆಗೆ ಸರಿಬರಲಿಲ್ಲ. ತೆಗೆಯಲು ಆದೇಶ ಕೊಟ್ಟಳು.

ತೆಗೆಯುವ ಮೊದಲು ಯಂತ್ರ ಹೆಸರುಗಳನ್ನು ಓದತೊಡಗಿತು. ಇಂಗ್ಲಿಷಿನ ತುಂಡು ತುಂಡು ಅಕ್ಷರ, ನಡುವೆ ಅಂಕಿ, ಅಡ್ಡಗೆರೆ, ಚುಕ್ಕಿ. ಇಪ್ಪತ್ತು ಹೆಸರಿಗೆ ತಾಳ್ಮೆ ಮುಗಿಯಿತು. ಕುಡಗೋಲನ್ನು ಒಂದೊಂದಾಗಿ ಸವರಿ ನೋಡುತ್ತಿದ್ದ ಹೆಂಗಸು ಇಲ್ಲಿ ಇಪ್ಪತ್ತೊಂದನೆಯದರ ಹೆಸರು ಕೇಳಲಿಲ್ಲ. ಓದುವುದನ್ನು ನಿಲ್ಲಿಸಿ, ತೆಗೆಯಲೇ ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿದಳು. ಯಂತ್ರ ಒಂದನ್ನು ತೆಗೆಯುವುದು, ಅದರ ಹೆಸರು ಹೇಳುವುದು, ಮುಂದಿನದಕ್ಕೆ ಹೋಗುವುದು, ಹೀಗೆ ಸಾಗಿತು. ಎಪ್ಪತ್ತೋ ಎಂಬತ್ತೋ ಆಗಿರಬೇಕು. 'ತೆಗೆಯಲಾಗುತ್ತಿದೆ' ಎಂಬ ಶಬ್ದದ ನಡುವೆ ದನಿ ನಿಂತಿತು.

ಫ್ಯಾನಿನ ಸದ್ದು ಮಾತ್ರ ಉಳಿಯಿತು. ಆಕೆ ಎಲ್ಲ ಕೀಲಿಗಳನ್ನೂ ಒತ್ತಿ ನೋಡಿದಳು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಐದು ನಿಮಿಷ ಕಾದಳು. ಮೂರನೇ ಸಲ ಹಚ್ಚಿದ ಮೇಲೆ ಆಕೆಗೆ ಅರ್ಥವಾಯಿತು: ತೆಗೆಯುತ್ತೇನೆ ಎಂದು ಹೇಳುತ್ತಿದ್ದ ದನಿ ತನ್ನನ್ನೇ ತೆಗೆದುಕೊಂಡು ಹೋಗಿತ್ತು, ಹೋಗಲು ತಾನೇ ಅಪ್ಪಣೆ ಕೊಟ್ಟಿದ್ದಳು.

ಹನ್ನೆರಡಕ್ಕೆ ಸಂಗನಬಸವ ಪೂಜೆ ಮಾಡಿದ. ಪಡಸಾಲೆಯಲ್ಲಿ ಹತಾರದ ಸಾಲು, ಅಂಗಳದಲ್ಲಿ ಟ್ರ್ಯಾಕ್ಟರ್, ಮೋಟರ್‌ಸೈಕಲ್, ಒಳಗೆ ಮೇಜಿನ ಮೇಲೆ ಕಂಪ್ಯೂಟರ್. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಕೀಬೋರ್ಡಿನ ಮೇಲೆ ಎಲೆ ಅಡಿಕೆ, ಒಂದು ಬಾಳೆಹಣ್ಣು. ಹೀಗೆ ಪೂಜೆಗೆ ಕೂತ ಹತಾರವನ್ನು ಮರುದಿನ ಸಂಜೆ ಬನ್ನಿ ಹಂಚಿಕೊಂಡ ಮೇಲೆಯೇ ಮುಟ್ಟಬೇಕು. ಮಹಾದೇವಕ್ಕ ಅದನ್ನೆಲ್ಲ ತೆಗೆ, ನನಗೆ ಈಗಲೇ ಕೆಲಸವಿದೆ ಎಂದಳು. ದನಿ ಹೋದ ಸುದ್ದಿ ಹೇಳಲಿಲ್ಲ.

"ಬನ್ನಿ ಮುಡಿಯೂತನಕಾ ಮುಟ್ಟೂ ಹಂಗಿಲ್ಲಕ್ಕಾ," ಎಂದ ಸಂಗನಬಸವ. "ಅಪ್ಪ ಇದ್ದಾಗ ಎಲ್ಲಾರಿಗೂ ನೀನ ಹೇಳ್ತಿದ್ದಿ."

ಅಷ್ಟರಲ್ಲಿ ಹೊರಗೆ ಹುಬ್ಬಳ್ಳಿ ಬಸ್ಸು ಹೋಯಿತು. ಅದಕ್ಕೂ ಬಾಳೆಕಂಬ ಕಟ್ಟಿದ್ದರು. ಎಲೆಗಳು ತಗಡಿಗೆ ಬಡಿಯುವ ಸದ್ದು ಮನೆಯೊಳಗೆ ಕೇಳಿತು.

"ಆ ಬಸ್ಸಿಗೆ ಪೂಜಿ ಆಗೇತಿಲ್ಲೋ?"

"ಆಗೇತಿ."

"ಮತ್ತ ಅದ್ಯಾಕ ಓಡಾಕತ್ತೈತಿ?"

"ಅದು ಸರಕಾರದ್ದು."

"ನಂದೂ ಸರಕಾರದ್ದ ಕೆಲಸ."

ಬೇಕಾದರೆ ನೀನೇ ತೆಗೆ, ನಾನು ಕೈ ಹಚ್ಚುವುದಿಲ್ಲ ಎಂದು ಹೇಳಿ ಸಂಗನಬಸವ ಊಟಕ್ಕೂ ಕೂಡದೆ ಚಹಾದಂಗಡಿಗೆ ಹೋದ. ಮಹಾದೇವಕ್ಕ ಎಲೆ ಅಡಿಕೆಯನ್ನು ತಟ್ಟೆಗೆ ಹಾಕಿ, ಬಾಳೆಹಣ್ಣು ಸುಲಿದು ತಿಂದು, ನೀಲಕ್ಕನನ್ನು ಕರೆದಳು.

ನೀಲಕ್ಕ ಏಳನೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಬಿಡಿಬಿಡಿಯಾಗಿ ಗೊತ್ತು, ಕೂಡಿಸಲು ಬಾರದು. ಪರದೆಯ ಮೇಲೆ ಆದೇಶ ಬರೆಯುವ ಕಪ್ಪು ಚೌಕವನ್ನು ಬಿಟ್ಟು ಬೇರೆ ಏನನ್ನೂ ತೆರೆಯುವಂತಿಲ್ಲ ಎಂದು ಮೊದಲೇ ತಾಕೀತು ಆಯಿತು. ಆಮೇಲೆ ಮಹಾದೇವಕ್ಕ ಆದೇಶ ಬರೆಯುವುದು, ಉತ್ತರವಾಗಿ ಬಂದದ್ದನ್ನು ನೀಲಕ್ಕ ಒಂದೊಂದೇ ಅಕ್ಷರವಾಗಿ ಒದರುವುದು, ಅದನ್ನು ಮಹಾದೇವಕ್ಕ ತಲೆಯೊಳಗೆ ಜೋಡಿಸುವುದು. ಡಿ, ಇ, ಪಿ, ಇ, ಎನ್, ಡಿ, ಎಸ್. ಒಂದು ಸಾಲಿಗೆ ಹತ್ತು ನಿಮಿಷ. ನೀಲಕ್ಕನಿಗೆ ಬಿ ಮತ್ತು ಡಿ ಅದಲುಬದಲಾಗುತ್ತಿತ್ತು. ಅದಲುಬದಲಾದಾಗ ಆ ಸಾಲು ಮತ್ತೆ ಮೊದಲಿನಿಂದ. ಎರಡೂವರೆ ತಾಸು ಹೀಗೇ ನಡೆಯಿತು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಕಡೆಗೆ ನೀಲಕ್ಕ, ಅದು ಏನಂತ ಹೇಳಾಕತ್ತೈತಿ ಎಂದು ಕೇಳಿದಳು.

"ದನಿ ಬರಬೇಕಂದ್ರ ಇನ್ನೊಂದು ಬರಬೇಕಂತ. ಆ ಇನ್ನೊಂದು ಬರಬೇಕಂದ್ರ ಮೂರನೇದ್ದು ಹೋಗಬೇಕಂತ. ಮೂರನೇದ್ದು ಹೋದ್ರ ಪರದೇನ ಇರೂದಿಲ್ಲಂತ."

"ಇದು ನಮ್ಮ ಓಣ್ಯಾಗ ಕಳೀ ತೆಗ್ಯಾಕ ಮುಯ್ಯಾಳು ಕರದಂಗ ಆತಲ್ರಿ ಅಕ್ಕಾರ," ಎಂದಳು ನೀಲಕ್ಕ. "ದುರ್ಗಾ ಬಂದ್ರ ನಾ ಬರ್ತೀನಿ ಅಂತಾಳ ಫಕೀರವ್ವ. ಆಕಿ ಬಂದ್ರ ನಾ ಒಲ್ಲೆ ಅಂತಾಳ ದುರ್ಗಾ. ಕಳಿ ಹಂಗ ಬೆಳ್ಕೊಂತ ಹೊಕ್ಕೈತಿ."

ನೀಲಕ್ಕ ನಕ್ಕಳು. ಮಹಾದೇವಕ್ಕ ನಗಲಿಲ್ಲ. ಹೋಲಿಕೆ ಸರಿಯಾಗಿಯೇ ಇದೆ ಎಂದು ಮಾತ್ರ ಮನಸ್ಸಿನಲ್ಲಿ ಒಪ್ಪಿಕೊಂಡಳು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗುವ ಮುಯ್ಯಿಯ ಜಗಳವಾದರೆ ದುರ್ಗಾಳ ಮನೆಗೆ ಹೋಗಿ ಬೈದು ಬರಬಹುದು. ಕಡೆಯ ಸಾಲು ಇನ್ನೂ ಉಳಿದಿತ್ತು. ನೀಲಕ್ಕ ಅದನ್ನೂ ಒದರಿದಳು. ಜೋಡಿಸಿದಾಗ ಬಂದ ಅರ್ಥ ಇದು: ನೀವು ಒಡೆದ ಪ್ಯಾಕೇಜುಗಳನ್ನು ಹಿಡಿದುಕೊಂಡಿದ್ದೀರಿ.

"ಒಡದದ್ದು ಅದು," ಎಂದಳು ಮಹಾದೇವಕ್ಕ. "ಹಿಡಕೊಂಡು ಕುಂತಾಕಿ ನಾನಂತ."

ಯುನೂಸನಿಗೆ ಫೋನು ಮಾಡಿದಳು. ಅವನು ಅಂಗಡಿಯ ಪೂಜೆಯ ಗದ್ದಲದಲ್ಲಿದ್ದ. ಆದರೂ ಸಮಾಧಾನದಿಂದ ಕೇಳಿಸಿಕೊಂಡು ವಿವರಿಸಿದ. ಎರಡು ವರ್ಷದ ಹಿಂದೆ ಅವನು ಹೆಸರು ಹಿಡಿದು ಹಾಕಿದ್ದು ಒಂದೇ ದೊಡ್ಡ ಕಟ್ಟನ್ನು. ಕನ್ನಡದ ದನಿ, ಅದರ ಉಚ್ಚಾರದ ಪಟ್ಟಿ, ಸದ್ದಿನ ಜೋಡಣೆ ಎಲ್ಲ ಆ ದೊಡ್ಡ ಕಟ್ಟಿನ ಬೆನ್ನು ಹಿಡಿದು ತಾವಾಗಿ ಬಂದಿದ್ದವು. ಮೂರು ದಿನದ ಹಿಂದಿನ ಅಪ್‌ಡೇಟ್ ಆ ದೊಡ್ಡ ಕಟ್ಟನ್ನೇ ರದ್ದು ಮಾಡಿತು. ಅದರ ಜೊತೆ ಬಂದವುಗಳನ್ನು ಯಾರೂ ಹೆಸರು ಹಿಡಿದು ಕೇಳಿರಲಿಲ್ಲವಲ್ಲ, ಆದ್ದರಿಂದ ಅವು ಬೇಕಿಲ್ಲದವು ಎಂದಾಯಿತು.

ಈ ವಿವರಣೆಯನ್ನು ಮಹಾದೇವಕ್ಕ ಹಿಂದೊಮ್ಮೆ ಕೇಳಿದ್ದಳು. ಆಗ ಹೇಳಿದವನ ಬಾಯಲ್ಲಿ ಎಲೆ ಅಡಿಕೆ ಇತ್ತು, ಮುಚ್ಚಿದ್ದು 'ಸಿ' ವಿಭಾಗವಾಗಿತ್ತು.

"ದಿನಾ ನಾಕು ತಾಸು ಅದರ ಮಾತು ಕೇಳೀನಿ ನಾ. ಅದು ಲೆಕ್ಕಕ್ಕಿಲ್ಲೇನು?"

"ಎಷ್ಟು ಬಳಸ್ತೀರಿ ಅನ್ನೂದನ್ನ ಅದು ನೋಡೂದಿಲ್ರಿ ಟೀಚರ್. ಯಾರು ಕೇಳಿ ಹಾಕಿಸ್ಯಾರ ಅನ್ನೂದಷ್ಟ ನೋಡತೈತಿ."

ಪರಿಹಾರವನ್ನೂ ಹೇಳಿದ. ರವಿವಾರ ಬಂದು ಎಲ್ಲ ಅಳಿಸಿ ಹೊಸ ಆವೃತ್ತಿ ಹಾಕಿಕೊಡುವುದು. ಆದರೆ ಹೊಸದರಲ್ಲಿ ಆ ಕನ್ನಡದ ದನಿ ಇನ್ನೂ ಕೂಡುವುದಿಲ್ಲ, ಯಾರೋ ಕೂಡಿಸುವ ಕೆಲಸದಲ್ಲಿದ್ದಾರಂತೆ. ಹಳೆಯ ಆವೃತ್ತಿಯ ಕಟ್ಟುಗಳನ್ನು ಇಟ್ಟಿದ್ದ ಜಾಗವನ್ನು ಈಗ ಮುಚ್ಚಿದ್ದಾರೆ. ಆ ಯಾರೋ ಕೆಲಸ ಯಾವಾಗ ಮುಗಿಸುತ್ತಾರೆ ಎಂದು ಆಕೆ ಕೇಳಿದಳು.

"ಅವ್ರಿಗೇನು ಪಗಾರ ಇಲ್ರಿ. ಪುರಸೊತ್ತು ಆದಾಗ ಮಾಡ್ತಾರ."

ಫೋನು ಇಟ್ಟ ಮೇಲೆ ಸಿಟ್ಟು ಬೇರೆ ಥರದ್ದಾಯಿತು. ಹೆಚ್ಚುವರಿ ಪಟ್ಟಿಯ ಕಾಲದಲ್ಲಿ ಒಂದು ಕಚೇರಿ ಇತ್ತು, ಅದಕ್ಕೊಂದು ಮೆಟ್ಟಿಲು ಇತ್ತು, ಮೇಲೆ ಕೂತವನಿಗೆ ಒಂದು ಹೆಸರಿತ್ತು. ಹನ್ನೊಂದು ತಿಂಗಳು ಹತ್ತಿ ಇಳಿದು ಅವನ ಮುಖಕ್ಕೆ ಹೇಳಬೇಕಾದದ್ದನ್ನು ಹೇಳಿದ್ದಳು. ಇಲ್ಲಿ ಯಾರಿಗೆ ಅರ್ಜಿ ಬರೆಯಬೇಕು? ಎಲ್ಲೋ ಕೂತ ನಾಲ್ಕು ಜನ ಪುರಸೊತ್ತಿನಲ್ಲಿ ಕಟ್ಟುತ್ತಾರೆ, ಪುರಸೊತ್ತಿನಲ್ಲಿ ರದ್ದು ಮಾಡುತ್ತಾರೆ. ಅವರಲ್ಲಿ ಒಬ್ಬನೂ ಕಣ್ಣು ಮುಚ್ಚಿಕೊಂಡು ತನ್ನ ಯಂತ್ರವನ್ನು ಒಂದು ದಿನ ನಡೆಸಿ ನೋಡಿಲ್ಲ ಎಂಬುದರಲ್ಲಿ ಆಕೆಗೆ ಸಂಶಯ ಉಳಿಯಲಿಲ್ಲ. ಪುಕ್ಕಟೆ ಕೊಟ್ಟದ್ದರಲ್ಲಿ ತಪ್ಪು ಎಣಿಸಬಾರದು ಎನ್ನುವವರು ಇರುತ್ತಾರೆ. ಅಂಥವರ ಮಾತು ಆಕೆಗೆ ಎಂದೂ ಸೇರಿಲ್ಲ. ಪುಕ್ಕಟೆ ಹಾಕಿದ ಸೇತುವೆ ಕುಸಿದರೂ ನೀರಿಗೆ ಬಿದ್ದವನು ಒದ್ದೆಯಾಗುತ್ತಾನೆ.

ಸಿಟ್ಟಿನ ಒಂದು ಪಾಲು ತನ್ನ ಮೇಲೂ ಇತ್ತು. ಇಪ್ಪತ್ತೊಂದನೇ ಹೆಸರು ಕೇಳದೆ ಬಿಟ್ಟವಳು ತಾನು. ಆ ಪಾಲನ್ನು ಆಕೆ ಯಾರಿಗೂ ಕೊಡಲಿಲ್ಲ.

ಸಂಜೆ ಹೇಮಂತ ಮಾಸ್ತರ ಫೋನು ಬಂತು. ದನಿ ಹೋದದ್ದನ್ನು ನೀಲಕ್ಕನಿಂದ ತಿಳಿದ ಸಂಗನಬಸವ ಚಹಾದಂಗಡಿಯಲ್ಲಿ ಅಕ್ಕನ ಮೇಲಿನ ಸಿಟ್ಟಿಗೆ ನಾಲ್ಕು ಮಾತಾಡಿದ್ದ. ಮಾತು ಮಾಸ್ತರವರೆಗೆ ಹೋಗಿತ್ತು. ಮಾಸ್ತರ ದನಿ ಬಹಳ ಮೃದುವಾಗಿತ್ತು. ಟೀಚರ ಹೇಳುತ್ತ ಹೋದರೆ ತಾನು ಟೈಪ್ ಮಾಡುತ್ತೇನೆ, ಹೆಸರು ಟೀಚರದೇ ಇರಲಿ, ಇದರಲ್ಲಿ ತನ್ನದೇನೂ ಇಲ್ಲ ಎಂದರು.

"ನಾನೇನು ಹೊರಗಿನಂವ ಅಲ್ಲಲ್ರಿ ಟೀಚರ್."

"ಹೊರಗಿನವ್ರ ಆಗಬೇಕ್ರಿ ಮಾಸ್ತರ. ಅದಕ್ಕ ಗುಟ್ಟು ಅಂತಾರ."

ನಾಳೆ ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ತನ್ನದನ್ನೇ ಕೊಡಬೇಕಾಗುತ್ತದೆ ಎಂದು ಹೇಳಿ ಮಾಸ್ತರ ಫೋನು ಇಟ್ಟರು.

ಕೇಳದೆಯೇ ಟೈಪ್ ಮಾಡಬಹುದಿತ್ತು. ಕೀಲಿಗಳು ಆಕೆಯ ಬೆರಳಿಗೆ ಗೊತ್ತು. ಆದರೆ ಒಂದು ಕಡೆ ಬೆರಳು ಜಾರಿ ಅಕ್ಷರ ತಪ್ಪಿದರೆ ಅದನ್ನು ತಾಲೂಕಿನ ಎಲ್ಲ ಮಕ್ಕಳೂ ಓದುತ್ತಾರೆ, ಎಲ್ಲ ಶಿಕ್ಷಕರೂ ಓದುತ್ತಾರೆ. ಕಣ್ಣಿದ್ದವರ ಪತ್ರಿಕೆಯಲ್ಲಿ ತಪ್ಪಿದ್ದರೆ ಅದು ಅಚ್ಚಿನ ತಪ್ಪು. ಆಕೆಯದರಲ್ಲಿದ್ದರೆ ಅದು ಕಣ್ಣಿನ ತಪ್ಪಾಗುತ್ತದೆ, ಇನ್ನು ಮುಂದೆ ಇಪ್ಪತ್ತಾರು ವರ್ಷ ಕಣ್ಣಿಲ್ಲದ ಯಾರಿಗೂ ಈ ಕೆಲಸ ಕೊಡುವುದಿಲ್ಲ.

ಆಗ ಶಾಲೆಯ ನಾಲ್ಕನೇ ನಂಬರಿನ ಕಂಪ್ಯೂಟರ್ ನೆನಪಾಯಿತು. ಯುನೂಸ್ ದನಿ ಹಾಕಿ ಹೋದದ್ದು ಅದಕ್ಕೇ. ಆಮೇಲೆ ಇಂಟರ್ನೆಟ್ಟಿನ ತಂತಿ ಕಿತ್ತುಹೋಯಿತು, ಯಾರೂ ಸರಿಮಾಡಿಸಲಿಲ್ಲ. ಆ ಕೋಣೆಯ ಕಸ ತೆಗೆಯುವುದಿಲ್ಲ, ಯಂತ್ರಗಳನ್ನು ಒರೆಸುವುದಿಲ್ಲ, ಒಂದಕ್ಕೂ ಅಪ್‌ಡೇಟ್ ಹಾಕಿಲ್ಲ ಎಂದು ಹೋದ ವರ್ಷವೆಲ್ಲ ಸ್ಟಾಫ್ ಮೀಟಿಂಗಿನಲ್ಲಿ ಜಗಳಾಡಿದವಳು ಆಕೆಯೇ. ಯಾರೂ ಆಕೆಯ ಮಾತು ಕೇಳಿದ ಹಾಗಿರಲಿಲ್ಲ. ಕೇಳಿರದಿದ್ದರೆ ಸಾಕು ಎಂದು ಈಗ ಬಯಸಿದಳು, ಹಾಗೆ ಬಯಸಬೇಕಾಗಿ ಬಂದದ್ದಕ್ಕೂ ಸಿಟ್ಟಾದಳು.

ಶಾಲೆಯ ಜವಾನ ಹುಚ್ಚಪ್ಪನ ಬಳಿ ಬೀಗದ ಕೈ ಇರುತ್ತದೆ. ಮರುದಿನ ದಸರೆ, ಹತ್ತಕ್ಕೆ ಸಮುದಾಯ ಭವನದಲ್ಲಿ ಅವನ ಓಣಿಯ ಬೌದ್ಧರು ಪ್ರತಿ ದಸರೆಗೆ ಮಾಡುವ ಬುದ್ಧವಂದನೆ, ಅವನೇ ಮುಂದೆ ನಿಂತು ನಡೆಸಬೇಕು. ಎಂಟಕ್ಕೆ ಬಂದರೆ ಬಾಗಿಲು ತೆರೆದು ಕೊಡುತ್ತೇನೆ ಎಂದ.

ಗುರುವಾರ ಬೆಳಿಗ್ಗೆ ಬಾಳೆಕಂಬ ಬಾಡಿದ ಬಸ್ಸಿನಲ್ಲಿ ಆಕೆ ಹೋದಳು. ಚೀಲದಲ್ಲಿ ಬ್ರೈಲ್ ಹಾಳೆಗಳು, ಪೆನ್‌ಡ್ರೈವ್, ಎರಡು ರೊಟ್ಟಿ. ಕೋಣೆಯ ಬಾಗಿಲು ತೆರೆದಾಗ ಧೂಳಿನ ವಾಸನೆಗೆ ಇಬ್ಬರಿಗೂ ಸೀನು ಬಂತು. ಕೀಬೋರ್ಡಿನ ಮೇಲೆ ಇಲಿಯ ಹಿಕ್ಕೆ ಇತ್ತು. ಹುಚ್ಚಪ್ಪ ಪ್ಲಗ್ಗನ್ನು ಮೂರು ಬೋರ್ಡಿಗೆ ಬದಲಿಸಿ ನೋಡಿದ ಮೇಲೆ ಕರೆಂಟು ಹತ್ತಿತು. ಯಂತ್ರ ಏಳಲು ಏಳೆಂಟು ನಿಮಿಷ ತೆಗೆದುಕೊಂಡಿತು. ಮಹಾದೇವಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಆಮೇಲೆ ತಗಡಿನ ಡಬ್ಬಿಯ ಆ ದನಿ, ಇಂದು ಜನವರಿ ಒಂದು, ಸಮಯ ರಾತ್ರಿ ಹನ್ನೆರಡು ಎಂದಿತು.

"ಜನವರಿ ಅಂತೈತಲ್ರಿ ಬಾಯಾರ ಅದು," ಎಂದ ಹುಚ್ಚಪ್ಪ.

"ಅನ್ನಲಿ. ಸುಳ್ಳು ಹೇಳಾಕರ ಬಾಯಿ ಐತಲ್ಲ."

ಹುಚ್ಚಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಜಾಡಿಸಿದ. ಹಬ್ಬದ ದಿನ ಹೀಗೆ ಧೂಳಿನಲ್ಲಿ ಕೂಡುವುದು ಅವನಿಗೆ ನೋಡಲಾಗಲಿಲ್ಲ.

"ಒಂದೀಟು ಸ್ವಚ್ಛ ಮಾಡಿ ಹೋಗ್ಲೇನ್ರಿ?"

"ಮುಟ್ಟಬ್ಯಾಡ."

ಆ ಮಾತು ಎಷ್ಟು ಜೋರಾಗಿ ಬಂತೆಂದರೆ ಹುಚ್ಚಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಮಹಾದೇವಕ್ಕ ಎದ್ದು ಒಳಗಿನಿಂದ ಚಿಲಕ ಹಾಕಿದಳು.

ಎಡಗೈ ಬ್ರೈಲ್ ಹಾಳೆಯ ಮೇಲೆ ಒಂದು ಸಾಲು ಓದುತ್ತದೆ, ಆಮೇಲೆ ಎರಡೂ ಕೈ ಟೈಪ್ ಮಾಡುತ್ತವೆ, ಆಮೇಲೆ ದನಿ ಓದುತ್ತದೆ. ಮನೆಯಲ್ಲಿ ಅರ್ಧ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲ ಪ್ರಶ್ನೆಯಿಂದ ಶುರು ಮಾಡಿದಳು. ಹನ್ನೆರಡಕ್ಕೆ ಕರೆಂಟು ಹೋಯಿತು. ಪ್ರತಿ ಪ್ರಶ್ನೆಗೂ ಪೆನ್‌ಡ್ರೈವಿಗೇ ಉಳಿಸಿಕೊಳ್ಳುತ್ತ ಬಂದಿದ್ದರಿಂದ ಹೋದದ್ದು ಅರ್ಧ ಸಾಲು. ರೊಟ್ಟಿ ತಿಂದು, ಎರಡರವರೆಗೆ ಕೈ ಕಟ್ಟಿ ಕೂತಳು. ಕರೆಂಟು ಬಂದ ಮೇಲೆ ಉಳಿದದ್ದು ಮುಗಿಸಿ, ಇಡೀ ಪತ್ರಿಕೆಯನ್ನು ಮೂರು ಸಲ ಓದಿಸಿದಳು. ಎರಡನೇ ಓದಿಗೆ ಇಪ್ಪತ್ತೇಳನೇ ಪ್ರಶ್ನೆಯಲ್ಲಿ ಒಂದು ಒತ್ತಕ್ಷರ ಬಿಟ್ಟದ್ದು ಸಿಕ್ಕಿತು. ಮೂರನೇ ಓದಿಗೆ, ಬಹು ಆಯ್ಕೆಯ ಒಂದು ಪ್ರಶ್ನೆಗೆ ಎರಡು ಸರಿ ಉತ್ತರ ಇರುವುದು ಗೊತ್ತಾಯಿತು. ಅದು ಬೆರಳಿನ ತಪ್ಪಲ್ಲ, ಆಕೆಯದೇ ತಪ್ಪು. ತಿದ್ದಿದಳು. ಹುಚ್ಚಪ್ಪ ವಂದನೆ ಮುಗಿಸಿ ಡಬ್ಬಿಯಲ್ಲಿ ಶಾವಿಗೆ ಖೀರು ತಂದು ಬಾಗಿಲು ತಟ್ಟಿದಾಗ ನಾಲ್ಕೂವರೆ ಆಗಿತ್ತು. ಆಕೆ ಪೆನ್‌ಡ್ರೈವನ್ನು ಮೊದಲು ಚೀಲದೊಳಗೆ ಹಾಕಿ, ಆಮೇಲೆ ಚಿಲಕ ತೆಗೆದಳು.

ಮನೆಗೆ ಬಂದಾಗ ಸಂಗನಬಸವ ಬನ್ನಿ ತಂದು ಕೈಯಲ್ಲಿಟ್ಟು ಕಾಲು ಮುಟ್ಟಿದ. ಹಬ್ಬ ಹಬ್ಬದ ಪಾಡಿಗೆ ಆಯಿತು.

ಶುಕ್ರವಾರ ಹತ್ತೂ ನಲವತ್ತಕ್ಕೆ ಆಕೆ ಕಲಘಟಗಿಯ ಕಚೇರಿಯಲ್ಲಿದ್ದಳು. ಲಕೋಟೆ ತೆಗೆದುಕೊಂಡ ಗುಮಾಸ್ತ ದೃಢೀಕರಣದ ಕಾಗದವನ್ನು ಎರಡು ಸಲ ಓದಿದ. ಬಾಜು ಬೆಂಚಿನ ಮೇಲೆ ಹೇಮಂತ ಮಾಸ್ತರ ಒಂದು ಲಕೋಟೆ ಹಿಡಿದು ಕೂತಿದ್ದರು. ಅವರ ಕೆಮ್ಮು ಆಕೆಗೆ ಗುರುತು ಸಿಕ್ಕಿತ್ತು.

"ಯಾರು ಟೈಪ್ ಮಾಡಿ ಕೊಟ್ರಿ ಇದನ್ನ?" ಎಂದ ಗುಮಾಸ್ತ.

"ಸಹಿ ಯಾರದೈತಿ, ಓದ್ರಿ."

"ನಿಮ್ಮದ ಐತ್ರಿ."

"ಹಂಗಾದ್ರ ನಾನ. ಮುಟ್ಟಿದ್ದಕ್ಕ ಪಾವತಿ ಬರದು ಕೊಡ್ರಿ, ಟೈಮು ಹಾಕಿ."

ಅವನು ಆ ರಸೀದಿ ಬರೆಯುವವರೆಗೆ ಆಕೆ ನಿಂತೇ ಇದ್ದಳು. ಮಾಸ್ತರ ಎದ್ದು, ಬಹಳ ಛಲೋ ಆತು ಟೀಚರ್ ಎಂದು ಹೇಳಿ, ತಮ್ಮ ಲಕೋಟೆ ಚೀಲಕ್ಕೆ ಹಾಕಿಕೊಂಡು ಹೋದರು.

ರವಿವಾರ ಯುನೂಸ್ ಬಂದ. ಹೊಸ ಆವೃತ್ತಿಯ ಮಾತು ಎತ್ತಿದ. ಆಕೆ ಅವನನ್ನು ಅರ್ಧಕ್ಕೇ ನಿಲ್ಲಿಸಿ, ಶಾಲೆಗೆ ಕರೆದುಕೊಂಡು ಹೋಗಿ, ನಾಲ್ಕನೇ ನಂಬರಿನ ಯಂತ್ರದೊಳಗೆ ಇದ್ದದ್ದನ್ನೆಲ್ಲ ಇದ್ದ ಹಾಗೇ ನಕಲು ತೆಗೆಸಿ ತನ್ನ ಯಂತ್ರಕ್ಕೆ ಹಾಕಿಸಿದಳು. ಸಂಜೆ ನಾಲ್ಕಕ್ಕೆ ಮನೆಯಲ್ಲಿ ದನಿ ಬಂತು. ಯುನೂಸ್ ಚೀಲ ಎತ್ತಿಕೊಂಡ. ಕೂತುಕೋ, ಕೆಲಸ ಮುಗಿದಿಲ್ಲ ಎಂದಳು. ತೆಗೆದುಹಾಕಿದ್ದು ಏನೇನೆಂದು ಮನೆಯ ಯಂತ್ರ ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ನಕಲು ಹಾಕುವ ಮೊದಲೇ ತೆಗೆದಿಡಿಸಿದ್ದಳಲ್ಲ, ನೂರಾ ನಲವತ್ತೆರಡೂ, ಅವನ್ನು ಒಂದೊಂದಾಗಿ ಓದಬೇಕು. ಮಹಾದೇವಿ ಎಂಬಾಕೆ ಇದನ್ನು ಹೆಸರು ಹಿಡಿದು ಕೇಳಿದ್ದಾಳೆ ಎಂದು ಒಂದೊಂದಕ್ಕೂ ಗುರುತು ಹಾಕಬೇಕು.

ಎಲ್ಲಕ್ಕೂ ಒಮ್ಮೆಗೇ ಗುರುತು ಹಾಕಲು ಒಂದು ಆದೇಶ ಇದೆ ಎಂದು ಯುನೂಸ್ ಹೇಳಿದ. ಒಂದೊಂದಾಗಿ ಎಂದಳು. ನೀಲಕ್ಕ ಚಹಾ ತಂದಳು, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ತಂದಳು. ಸಂಗನಬಸವ ಬಾಗಿಲಲ್ಲಿ ನಿಂತು ಕೇಳಿ ಹೋದ. ಇಪ್ಪತ್ತು ದಾಟಿತು. ಇಪ್ಪತ್ತೊಂದನೆಯದನ್ನು ಆಕೆ ಎರಡು ಸಲ ಓದಿಸಿದಳು. ಐವತ್ತೆಂಟನೆಯದಕ್ಕೆ ಬಂದಾಗ ಯುನೂಸ್ ನಿಂತ.

"ಇದು ಫ್ಯಾಕ್ಸಿನದ್ರಿ ಟೀಚರ್. ನಿಮ್ಮ ಹತ್ರ ಫ್ಯಾಕ್ಸ್ ಇಲ್ಲ, ಈ ಊರಾಗ ಯಾರ ಹತ್ರಾನೂ ಇಲ್ಲ. ಇದು ಖರೇನ ಬೇಕಿಲ್ರಿ."

"ಹೆಸರು ಹಿಡದು ಕೇಳೀನೋ ಇಲ್ಲೋ?"

"ಕೇಳೀರಿ."

"ಹಾಕು. ಮುಂದಿಂದು ಓದು."